ಕನಸಿಗೆ ಹಾಕಿದ ಅಗುಳಿ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ನಿದ್ದೆಯ ಒಳಗೇ ಸಂತೆ ನೆರೆದರೆ ಏನು ಗತಿ ಎಂಬುದಕ್ಕೆ ಮಾತ್ರ ಗಾದೆ ಇದ್ದಂತಿಲ್ಲ. ಹಾಗೆಂದು ಅದು ಅಪರೂಪದ ಸಂಗತಿಯೇನೂ ಅಲ್ಲ. ಯಾವುದೇ ಬೀದಿಯಲ್ಲಿ ನಾಲ್ಕು ಮನೆಯವರನ್ನು ಕೂರಿಸಿ ವಿಚಾರಿಸಿದರೆ ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಬಾಗಿಲ ಚಿಲಕ ತೆಗೆದ ಮಗುವಿನ ಕಥೆಯೋ, ನಡುರಾತ್ರಿ ಕಿಟ್ಟನೆ ಕಿರಿಚಿಕೊಂಡು ಬೆಳಿಗ್ಗೆ ತನಗೇನೂ ನೆನಪಿಲ್ಲವೆಂದ ಹುಡುಗನ ಕಥೆಯೋ, ಕನವರಿಸುತ್ತ ಗೋಡೆಗೆ ಗುದ್ದಿ ಕೈ ಊದಿಸಿಕೊಂಡ ಅಜ್ಜನ ಕಥೆಯೋ ಹೊರಬಂದೇ ಬರುತ್ತದೆ. ಇಂಥದಕ್ಕೆ ನಮ್ಮ ಜನ ಕೊಟ್ಟುಕೊಂಡ ಕಾರಣಗಳೂ ಹಲವು. ಗಾಳಿ ಸೋಕಿತು ಎನ್ನುವರು ಕೆಲವರು. ರಾತ್ರಿ ಹೊಟ್ಟೆಬಿರಿಯ ಉಂಡದ್ದರ ಫಲ ಎನ್ನುವರು ಕೆಲವರು. ಓದು ಬರಹ ಬಲ್ಲವರು, ಹಗಲೆಲ್ಲ ಅದುಮಿಟ್ಟ ಸಿಟ್ಟು ರಾತ್ರಿ ಹೊರಬಿತ್ತು ಎನ್ನುತ್ತಾರೆ. ಈ ಮೂರರಲ್ಲಿ ಅತ್ಯಂತ ಕ್ರೂರವಾದದ್ದು ಕೊನೆಯದೇ ಎಂದು ನನ್ನ ಭಾವನೆ. ಗಾಳಿ ಸೋಕಿದರೆ ಅದು ಗಾಳಿಯ ತಪ್ಪು. ಅಡಗಿಸಿಟ್ಟ ಸಿಟ್ಟು ಎಂದರೆ, ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಮುದುಕ ನಿದ್ದೆಯಲ್ಲಿ ಕೈ ಬೀಸಿದಾಗ ಪಕ್ಕದಲ್ಲಿ ಮಲಗಿದ್ದಾಕೆ ಆ ಪೆಟ್ಟಿನ ಜೊತೆಗೆ ಇನ್ನೊಂದು ಪೆಟ್ಟನ್ನೂ ತಿನ್ನಬೇಕಾಗುತ್ತದೆ.

ಈ ಚೇಷ್ಟೆಗಳ ಮೂಲ ಮನಸ್ಸಿನ ಹಗೆಯಲ್ಲಿಲ್ಲ, ತಲೆಬುರುಡೆಯ ತಳದಲ್ಲಿ, ಬೆನ್ನುಹುರಿ ಮಿದುಳನ್ನು ಸೇರುವ ಎಡೆಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿದೆ ಎಂದು ಗೊತ್ತಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಅದು ಗೊತ್ತಾದ ದಾರಿ ಅಮೆರಿಕದ ಚಿಕಾಗೋ ನಗರದಿಂದ ಹೊರಟು, ಫ್ರಾನ್ಸಿನ ಲಿಯೋನ್ ಪಟ್ಟಣದ ಬೆಕ್ಕುಗಳ ಬಳಿ ಬಹುಕಾಲ ತಂಗಿ, ಮತ್ತೆ ಅಮೆರಿಕದ ಮಿನಿಯಾಪೊಲಿಸ್ ಎಂಬ ಊರಿಗೆ ಬಂದು ಮುಟ್ಟುತ್ತದೆ. ಆ ದಾರಿಯನ್ನು ಹಿಡಿದು ಒಮ್ಮೆ ನಡೆದು ನೋಡೋಣ.

ಕನಸಿನಲ್ಲಿ ಕಾದಾಡುವವರು ಲೋಕಕ್ಕೆ ಹೊಸಬರಲ್ಲ. ೧೬೦೫ರಲ್ಲಿ ಪ್ರಕಟವಾದ ಸ್ಪೇನ್ ದೇಶದ ‘ಡಾನ್ ಕಿಹೋಟೆ’ ಕಥೆಯ ಮೊದಲ ಭಾಗದಲ್ಲಿ ಆ ಮುದಿ ವೀರ ನಿದ್ದೆಯಲ್ಲೇ ಎದ್ದು ಕತ್ತಿ ಹಿರಿದು, ತಾನು ರಾಕ್ಷಸನೊಡನೆ ಕಾದುತ್ತಿರುವೆನೆಂದು ಭಾವಿಸಿ, ಛತ್ರದಲ್ಲಿದ್ದ ದ್ರಾಕ್ಷಾರಸದ ತೊಗಲು ಚೀಲಗಳನ್ನೆಲ್ಲ ಕೊಚ್ಚಿಹಾಕುತ್ತಾನೆ. ಓದುಗರು ಮೂರೂವರೆ ಶತಮಾನ ನಕ್ಕು ಸುಮ್ಮನಾದರು. ಆ ಪುಟಗಳಲ್ಲಿ ಒಂದು ಕಾಯಿಲೆಯ ಲಕ್ಷಣ ಚಾಚೂ ತಪ್ಪದೆ ಬಂದಿದೆ ಎಂದು ನಮ್ಮ ಕಾಲದ ನರರೋಗತಜ್ಞರು ಗುರುತಿಸಿದ್ದಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಕೈಕಾಲು ನಡುಗುವ ರೋಗವನ್ನು ಕುರಿತು ಬರೆದ ಸಣ್ಣ ಗ್ರಂಥದಲ್ಲಿಯೂ ರೋಗಿಗಳ ನಿದ್ದೆ ಕೆಡುವ ಮಾತು ಬರುತ್ತದೆ. ಈ ಎರಡು ಪುಸ್ತಕಗಳಿಗೂ ಸಂಬಂಧವಿದೆಯೆಂದು ಆಗ ಯಾರಾದರೂ ಹೇಳಿದ್ದರೆ ಅಂಥವರನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರೋ ಏನೋ.

ನಿದ್ದೆಯೆಂದರೆ ಮಿದುಳು ದಣಿದು ದೀಪ ಆರಿಸಿ ಮಲಗುವುದು ಎಂಬುದೇ ಬಹುಕಾಲದ ತಿಳಿವಳಿಕೆಯಾಗಿತ್ತು. ಇದಕ್ಕೆ ಮೊದಲ ಪೆಟ್ಟು ಕೊಟ್ಟವರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕನಾಮೋ ಒಬ್ಬರು. ಮೊದಲನೆಯ ಮಹಾಯುದ್ಧದ ನಡುವೆ ಯೂರೋಪಿನಲ್ಲಿ ವಿಚಿತ್ರವಾದ ಮಿದುಳುಜ್ವರವೊಂದು ಕಾಣಿಸಿಕೊಂಡಿತು. ಅದು ತಗುಲಿದವರಲ್ಲಿ ಕೆಲವರು ವಾರಗಟ್ಟಲೆ ಕುಂಭಕರ್ಣನಂತೆ ಮಲಗಿಬಿಡುತ್ತಿದ್ದರು. ಮತ್ತೆ ಕೆಲವರಿಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಎಕನಾಮೋ ೧೯೧೭ರಲ್ಲಿ ಈ ರೋಗವನ್ನು ವರ್ಣಿಸಿದರು. ಸತ್ತವರ ಮಿದುಳುಗಳನ್ನು ಕೊಯ್ದು ನೋಡಿದಾಗ, ಮಲಗಿಯೇ ಇದ್ದವರಲ್ಲಿ ಗಾಯವಾಗಿದ್ದ ಜಾಗವೇ ಬೇರೆ, ನಿದ್ದೆಗೆಟ್ಟವರಲ್ಲಿ ಗಾಯವಾಗಿದ್ದ ಜಾಗವೇ ಬೇರೆ ಎಂದು ಕಂಡುಕೊಂಡರು. ಎರಡೂ ಮಿದುಳಿನ ತಳಭಾಗದಲ್ಲೇ ಇದ್ದವು. ಅಂದಮೇಲೆ ನಿದ್ದೆ ದಣಿವಿನ ಫಲ ಮಾತ್ರವಾಗಿರಲಾರದು. ಅದನ್ನು ತರಿಸುವ, ತಡೆಯುವ ಸ್ಥಾನಗಳು ಮಿದುಳಿನಲ್ಲೇ ಇವೆ ಎಂದಾಯಿತು. ೧೯೨೯ರಲ್ಲಿ ಜರ್ಮನಿಯ ಯೇನಾ ನಗರದ ಹಾನ್ಸ್ ಬೆರ್ಗರ್ ಎಂಬ ಮನೋವೈದ್ಯರು, ತಲೆಯ ಚರ್ಮಕ್ಕೆ ತಂತಿಗಳನ್ನು ತಗುಲಿಸಿ ಮಿದುಳಿನ ವಿದ್ಯುತ್ ತರಂಗಗಳನ್ನು ಕಾಗದದ ಮೇಲೆ ಬರೆಸಬಹುದೆಂದು ಪ್ರಕಟಿಸಿದರು. ರೇಡಿಯೋ ಪೆಟ್ಟಿಗೆಯ ಪರಿಚಯವಿರುವ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ: ದೂರದ ನಿಲಯವೊಂದು ಕ್ಷೀಣವಾಗಿ ನುಡಿಯುತ್ತಿದೆ, ಅದನ್ನು ಹಿಡಿದು ಹಿಗ್ಗಿಸಬೇಕು, ಅಷ್ಟೆ. ಮಲಗಿದವನನ್ನು ಎಬ್ಬಿಸದೆ ಅವನ ಮಿದುಳಿಗೆ ಕಿವಿಗೊಡುವ ಉಪಾಯ ಕೊನೆಗೂ ಕೈಗೆ ಬಂದಿತ್ತು.

ಆದರೂ ರಾತ್ರಿಯಿಡೀ ಎಚ್ಚರವಾಗಿದ್ದು ಕಿವಿಗೊಡುವ ತಾಳ್ಮೆ ಯಾರಿಗಿತ್ತು? ಸ್ವಲ್ಪ ಹೊತ್ತು ಬರೆಸಿ, ಯಂತ್ರ ನಿಲ್ಲಿಸಿ, ವಿಜ್ಞಾನಿಗಳೂ ಮನೆಗೆ ಹೋಗಿ ಮಲಗುತ್ತಿದ್ದರು. ಅಲ್ಲದೆ ಕಾಗದ ತುಟ್ಟಿ. ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಥೇನಿಯಲ್ ಕ್ಲೈಟ್‌ಮನ್ ಎಂಬ ಪ್ರಾಧ್ಯಾಪಕರು ನಿದ್ದೆಯೊಂದನ್ನೇ ತಮ್ಮ ಜೀವಿತದ ವಿಷಯವಾಗಿ ಹಿಡಿದಿದ್ದರು. ೧೯೩೮ರಲ್ಲಿ ಒಬ್ಬ ಶಿಷ್ಯನೊಡನೆ ಕೆಂಟಕಿ ಪ್ರಾಂತ್ಯದ ಒಂದು ಗುಹೆಯಲ್ಲಿ ಸೂರ್ಯನ ಮುಖ ಕಾಣದೆ ಮೂವತ್ತೆರಡು ದಿನ ಕಳೆದು, ಇಪ್ಪತ್ತೆಂಟು ಗಂಟೆಯ ದಿನಕ್ಕೆ ಮನುಷ್ಯನ ದೇಹ ಒಗ್ಗುವುದೇ ಎಂದು ಪರೀಕ್ಷಿಸಿದ ಮನುಷ್ಯ ಇವರು. ಇವರ ಬಳಿಗೆ ಬಂದ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು. ಗುರುಗಳು ಒಪ್ಪಿಸಿದ ಕೆಲಸ ಮಲಗಿದವರ ಕಣ್ಣಿನ ಚಲನೆಯನ್ನು ಗಮನಿಸುವುದು. ಕಟ್ಟಡದ ನೆಲಮಾಳಿಗೆಯಲ್ಲಿ ಬಿಸುಟಿದ್ದ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿಕೊಂಡು, ೧೯೫೧ರ ಚಳಿಗಾಲದಲ್ಲಿ ಆತ ತನ್ನ ಎಂಟು ವರ್ಷದ ಮಗನನ್ನೇ ಮಲಗಿಸಿ ತಂತಿ ಹಚ್ಚಿದ. ಒಂದೊಂದು ರಾತ್ರಿಗೆ ಅರ್ಧ ಮೈಲಿಯಷ್ಟು ಕಾಗದ ಓಡುತ್ತಿತ್ತು. ಹುಡುಗ ನಿಶ್ಚಿಂತನಾಗಿ ಮಲಗಿದ್ದಾನೆ. ಲೇಖನಿ ಮಾತ್ರ ಇದ್ದಕ್ಕಿದ್ದಂತೆ ಎಚ್ಚರವಾಗಿದ್ದವನ ಕಣ್ಣಿನಂತೆ ಅತ್ತಿತ್ತ ಹೊಡೆದಾಡತೊಡಗಿತು. ಹಾಳು ಯಂತ್ರ ಕೆಟ್ಟಿದೆ ಎಂದೇ ಅಸೆರಿನ್‌ಸ್ಕಿ ಮೊದಲು ತಿಳಿದ. ಕೆಟ್ಟಿರಲಿಲ್ಲ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣು ನಿಜವಾಗಿಯೂ ಓಡುತ್ತಿತ್ತು. ಮಿದುಳಿನ ಅಲೆಗಳು ಎಚ್ಚರದವರ ಅಲೆಗಳನ್ನು ಹೋಲುತ್ತಿದ್ದವು.

ಕ್ಲೈಟ್‌ಮನ್ ಸುಲಭಕ್ಕೆ ನಂಬುವವರಲ್ಲ. ತಮ್ಮ ಮಗಳನ್ನು ಮಲಗಿಸಿ ತಾವೇ ಕಣ್ಣಾರೆ ನೋಡಿದ ಮೇಲೆ ಒಪ್ಪಿದರು. ೧೯೫೩ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗುರುಶಿಷ್ಯರ ಚಿಕ್ಕ ಲೇಖನ ಬಂತು. ಕಣ್ಣೋಡುತ್ತಿದ್ದಾಗ ೨೭ ಬಾರಿ ಎಬ್ಬಿಸಿ ಕೇಳಿದರೆ ೨೦ ಬಾರಿ ವಿವರವಾದ ಕನಸು ದೊರೆಯಿತು. ಕಣ್ಣು ನಿಶ್ಚಲವಾಗಿದ್ದಾಗ ೨೩ ಬಾರಿ ಕೇಳಿದರೆ ೧೯ ಬಾರಿ ಏನೂ ನೆನಪಿಲ್ಲ. ರಾತ್ರಿಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ, ನಾಲ್ಕೈದು ಸಲ ಈ ಕಣ್ಣೋಟದ ನಿದ್ದೆ ಬಂದು ಹೋಗುತ್ತದೆಂದು ಮುಂದೆ ಖಚಿತವಾಯಿತು. ಅದನ್ನು ನಾವು ಇಲ್ಲಿ ಕನಸುನಿದ್ದೆ ಎಂದು ಕರೆಯೋಣ.

ಇಲ್ಲಿ ಒಂದು ಮಾತು. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಅವಸ್ಥೆಗಳನ್ನು ವಿಂಗಡಿಸಿರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚಿಕಾಗೋದವರು ಕಂಡದ್ದು ಇದನ್ನೇ ಎಂದು ಹೆಮ್ಮೆ ಪಡುವವರು ಉಂಟು. ಕನಸಿನ ನಿದ್ದೆ ಬೇರೆ, ಗಾಢನಿದ್ದೆ ಬೇರೆ ಎಂದು ಅಷ್ಟು ಹಿಂದೆಯೇ ಕಂಡದ್ದು ದೊಡ್ಡ ಮಾತೇ ಸರಿ. ಆದರೆ ಆ ಋಷಿಗಳು ಹುಡುಕುತ್ತಿದ್ದದ್ದು ಆತ್ಮವನ್ನು, ಕುತ್ತಿಗೆಯ ಸ್ನಾಯುವನ್ನಲ್ಲ. ಒಬ್ಬರ ಗಳಿಕೆಯನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ಇಬ್ಬರಿಗೂ ಮರ್ಯಾದೆಯಲ್ಲ.

ಕುತ್ತಿಗೆಯ ಸ್ನಾಯು ಎಂದೆನಲ್ಲ, ಅದನ್ನು ಗಮನಿಸಿದವರು ಲಿಯೋನ್ ನಗರದ ಮಿಶೆಲ್ ಜುವೆ. ೧೯೨೫ರಲ್ಲಿ ಹುಟ್ಟಿ, ತಾರುಣ್ಯದಲ್ಲಿ ಜರ್ಮನರ ವಿರುದ್ಧದ ಭೂಗತ ಹೋರಾಟದಲ್ಲಿ ಸೇರಿ, ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವರು. ಅವರಿಗೂ ಕನಸಿಗೂ ಮೊದಲು ಯಾವ ನಂಟೂ ಇರಲಿಲ್ಲ. ಮಿದುಳಿನ ಮೇಲ್ಪದರವನ್ನು ತೆಗೆದುಹಾಕಿದ ಬೆಕ್ಕು ಪದೇ ಪದೇ ಕೇಳಿಬರುವ ಸದ್ದಿಗೆ ಒಗ್ಗಿಕೊಳ್ಳಬಲ್ಲುದೇ ಎಂಬುದು ಅವರ ಪ್ರಶ್ನೆ. ಮೇಲ್ಪದರವೇ ಇಲ್ಲವಾದ್ದರಿಂದ ಅಲ್ಲಿಂದ ವಿದ್ಯುತ್ ತರಂಗ ಸಿಕ್ಕುವಂತಿಲ್ಲ. ಆದ್ದರಿಂದ ಬೆಕ್ಕು ಸದ್ದಿಗೆ ಬೆಚ್ಚಿತೋ ಇಲ್ಲವೋ ತಿಳಿಯಲು ಕುತ್ತಿಗೆಯ ಸ್ನಾಯುವಿಗೆ ತಂತಿ ಹಾಕಿದರು. ಕಾಯುತ್ತ ಕುಳಿತಾಗ ಕೇಳದೆಯೇ ಒಂದು ಉತ್ತರ ಬಂತು. ಬೆಕ್ಕು ಮಲಗಿದ್ದಾಗ ಆಗಾಗ್ಗೆ ಕೆಲವು ನಿಮಿಷಗಳ ಕಾಲ ಆ ಸ್ನಾಯುವಿನಲ್ಲಿ ಅಲ್ಪಸ್ವಲ್ಪ ಇದ್ದ ಬಿಗುವೂ ಪೂರ್ತಿ ಇಲ್ಲವಾಗುತ್ತಿತ್ತು. ಗೆರೆ ಚಪ್ಪಟೆ. ಅದೇ ಹೊತ್ತಿಗೆ ಕಣ್ಣು ಓಡುತ್ತಿತ್ತು, ಮೀಸೆ ಅದುರುತ್ತಿತ್ತು, ಮಿದುಳಿನ ಕೆಳಭಾಗದಿಂದ ಚುರುಕಾದ ಅಲೆಗಳು ಬರುತ್ತಿದ್ದವು. ಮಿದುಳು ಎಚ್ಚರ, ಮೈ ಮಾತ್ರ ಹೆಣದಂತೆ ಸಡಿಲ. ೧೯೫೯ರಲ್ಲಿ ಇದನ್ನು ಪ್ರಕಟಿಸಿದ ಜುವೆ, ಇದು ಎಚ್ಚರವೂ ಅಲ್ಲದ, ಸಾಮಾನ್ಯ ನಿದ್ದೆಯೂ ಅಲ್ಲದ ಮೂರನೆಯ ಸ್ಥಿತಿ ಎಂದು ವಾದಿಸಿ, ಅದಕ್ಕೆ ವಿರೋಧಾಭಾಸದ ನಿದ್ದೆ ಎಂದು ಹೆಸರಿಟ್ಟರು.

ಎಲ್ಲಿಂದ ಬರುತ್ತದೆ ಈ ಆಜ್ಞೆ? ಮಿದುಳನ್ನು ಒಂದೊಂದು ಮಟ್ಟದಲ್ಲಿ ಕತ್ತರಿಸುತ್ತ ಹೋದ ಜುವೆ, ಸೇತುವೆ ಎಂಬ ಅರ್ಥದ ‘ಪಾನ್ಸ್’ ಎಂಬ ಭಾಗಕ್ಕೆ ಬಂದು ನಿಂತರು. ದೊಡ್ಡ ಮಿದುಳಿಗೂ ಬೆನ್ನುಹುರಿಗೂ ನಡುವೆ ಇರುವ ಕಾಂಡದಲ್ಲಿ ಇದೊಂದು ಉಬ್ಬು. ಇಲ್ಲಿರುವ ಒಂದು ಪುಟ್ಟ ನರಗುಂಪು ಕನಸು ಮೊದಲಾಗುತ್ತಲೇ ಕೆಳಗಡೆಗೆ ಸುದ್ದಿ ಕಳಿಸುತ್ತದೆ. ಅದು ಮಿದುಳಬಳ್ಳಿಯ ಮೂಲಕ ಬೆನ್ನುಹುರಿಗೆ ಇಳಿದು, ಕೈಕಾಲುಗಳನ್ನು ಆಡಿಸುವ ನರಕೋಶಗಳ ಮೇಲೆ ಗ್ಲೈಸಿನ್, ಗಾಬಾ ಎಂಬ ತಡೆವಸ್ತುಗಳನ್ನು ಸುರಿಯುತ್ತದೆ. ಆ ಕೋಶಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಮೇಲಿನಿಂದ ಓಡು, ಹೊಡೆ, ಹಾರು ಎಂದು ಎಷ್ಟೇ ಅಪ್ಪಣೆ ಬರಲಿ, ಕೆಳಗೆ ಕೇಳುವವರಿಲ್ಲ. ಉಸಿರಾಟದ ವಪೆ, ಕಣ್ಣಿನ ಸ್ನಾಯು ಇವಕ್ಕೆ ಮಾತ್ರ ವಿನಾಯಿತಿ. ಕನಸಿನ ಬಾಗಿಲಿಗೆ ಹೀಗೊಂದು ಅಗುಳಿ ಇದೆ. ಪ್ರತಿ ರಾತ್ರಿ ನಾಲ್ಕೈದು ಸಲ ತಾನಾಗಿ ಬೀಳುತ್ತದೆ, ತಾನಾಗಿ ತೆಗೆದುಕೊಳ್ಳುತ್ತದೆ.

ಕೆಲವೊಮ್ಮೆ ಎಚ್ಚರ ಮೊದಲು ಬಂದು ಅಗುಳಿ ತೆಗೆಯುವುದು ಕೆಲವು ಕ್ಷಣ ತಡವಾಗುತ್ತದೆ. ಕಣ್ಣು ಬಿಟ್ಟಿದೆ, ಕೋಣೆ ಕಾಣುತ್ತಿದೆ, ಕಿರುಬೆರಳನ್ನು ಕೂಡ ಅಲ್ಲಾಡಿಸಲಾಗದು. ಕನಸಿನ ಚೂರು ಇನ್ನೂ ಕಣ್ಣೆದುರೇ ಇದೆ. ದೆವ್ವ ಎದೆಯ ಮೇಲೆ ಕುಳಿತಿತ್ತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಅನುಭವ ನಿಜ; ದೆವ್ವದ ವಿಳಾಸ ಮಾತ್ರ ಬೇರೆ.

ಅಗುಳಿ ಮುರಿದರೆ ಏನಾದೀತು? ೧೯೬೫ರಲ್ಲಿ ಜುವೆ ಮತ್ತು ಅವರ ಸಹೋದ್ಯೋಗಿ ದೆಲೋರ್ಮ್ ಬೆಕ್ಕುಗಳ ಆ ಜಾಗದಲ್ಲಿ ಸಣ್ಣ ಗಾಯ ಮಾಡಿ ನೋಡಿದರು. ಹಗಲಿನಲ್ಲಿ ಬೆಕ್ಕು ಮಾಮೂಲು ಬೆಕ್ಕೇ. ಮಲಗಿತು, ಗಾಢನಿದ್ದೆ ಬಂತು, ಹೋಯಿತು. ಕನಸುನಿದ್ದೆ ಬರುವ ಹೊತ್ತಿಗೆ ತಲೆಯೆತ್ತಿತು, ಎದ್ದು ನಿಂತಿತು. ಎದುರಿಗಿಲ್ಲದ ಇಲಿಯನ್ನು ಹೊಂಚಿತು, ನೆಗೆಯಿತು, ಪಂಜ ಬೀಸಿತು. ಕಿವಿ ಹಿಂದಕ್ಕೆ ಮಡಿಸಿ ಕಾಣದ ಶತ್ರುವಿಗೆ ಹಲ್ಲು ಕಿರಿಯಿತು. ಒಮ್ಮೊಮ್ಮೆ ಮೈ ನೆಕ್ಕಿಕೊಂಡಿತು. ನಿಜವಾದ ವಸ್ತುವನ್ನು ಎದುರಿಗೆ ತಂದರೆ ಲಕ್ಷ್ಯವಿಲ್ಲ. ಕೆಲವು ನಿಮಿಷ ಹೀಗೆ ಆಡಿ ಮತ್ತೆ ಮಲಗುತ್ತಿತ್ತು, ಇಲ್ಲವೇ ದಿಗ್ಗನೆ ಎಚ್ಚರವಾಗುತ್ತಿತ್ತು. ಬೆಕ್ಕು ಕನಸು ಕಂಡಿತೆಂದು ಪ್ರಮಾಣ ಮಾಡಿ ಹೇಳುವವರು ಯಾರು? ಕೇಳಿದರೆ ಅದು ಉತ್ತರ ಕೊಡದು. ಆದರೂ ಆ ಚಿತ್ರಪಟಗಳನ್ನು ನೋಡಿದವರಿಗೆ ಬೇರೆ ಪದ ಸಿಕ್ಕುವುದು ಕಷ್ಟ. ಮೂಕಪ್ರಾಣಿಯ ಮಿದುಳಿಗೆ ಗಾಯ ಮಾಡಿ ಪಡೆದ ಜ್ಞಾನವಿದು ಎಂಬುದು ನನಗೆ ಅಷ್ಟು ಹಿತವಾದ ಸಂಗತಿಯಲ್ಲ. ಅದನ್ನು ಮುಚ್ಚಿಟ್ಟು ಕಥೆ ಹೇಳುವುದು ಇನ್ನೂ ಹಿತವಲ್ಲ. ಅತ್ತ ಅಮೆರಿಕದಲ್ಲಿ ಹೋಡ್ಸ್ ಮತ್ತು ಡೆಮೆಂಟ್ ಎಂಬಿಬ್ಬರು ಕನಸುನಿದ್ದೆಯಲ್ಲಿ ಮನುಷ್ಯನ ಕಾಲಿನ ನರವನ್ನು ವಿದ್ಯುತ್ತಿನಿಂದ ಮೀಟಿದರೂ ಸ್ನಾಯು ಓಗೊಡದೆಂದು ೧೯೬೪ರಲ್ಲಿ ತೋರಿಸಿದ್ದರು. ಅಗುಳಿ ನಮಗೂ ಇದೆ ಎಂದಾಯಿತು.

ಆಗ ಎಲ್ಲರೂ ಮಾಡಿದ ಊಹೆ ಸಹಜವಾದದ್ದೇ: ನಿದ್ದೆಯಲ್ಲಿ ನಡೆಯುವ ಮಕ್ಕಳು ಕನಸನ್ನೇ ನಡೆಯುತ್ತಿದ್ದಾರೆ, ಅವರಲ್ಲಿ ಅಗುಳಿ ಸಡಿಲವಾಗಿದೆ. ಪರೀಕ್ಷಿಸಿದಾಗ ಈ ಊಹೆ ನೆಲಕಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ ಜೇಕಬ್‌ಸನ್, ಕೇಲ್ಸ್ ಮೊದಲಾದವರು ೧೯೬೫ರಲ್ಲಿ ಉದ್ದನೆಯ ತಂತಿ ಕಟ್ಟಿ ಮಕ್ಕಳನ್ನು ಮಲಗಿಸಿ ನೋಡಿದರು. ಮಗು ಎದ್ದು ಹೊರಟದ್ದು ಕನಸಿನ ಗಳಿಗೆಯಲ್ಲಿ ಅಲ್ಲ. ರಾತ್ರಿಯ ಮೊದಲ ಭಾಗದ ಗಾಢನಿದ್ದೆಯಿಂದ. ಕೆನಡಾದ ರೋಜರ್ ಬ್ರೌಟನ್ ೧೯೬೮ರಲ್ಲಿ ಇದಕ್ಕೆ ಹೊಸ ಅರ್ಥ ಹೇಳಿದರು. ನಿದ್ರಾಸಂಚಾರ, ಮಕ್ಕಳು ನಡುರಾತ್ರಿ ಕಿರಿಚಿಕೊಳ್ಳುವುದು ಇವು ಕನಸಿನ ವಿಕಾರಗಳಲ್ಲ, ಎಚ್ಚರಗೊಳ್ಳುವಿಕೆಯ ವಿಕಾರಗಳು. ಮಿದುಳು ಒಮ್ಮೆಗೇ ಏಳುವುದಿಲ್ಲ; ಕೆಲವು ಕೋಣೆಗಳಲ್ಲಿ ದೀಪ ಹತ್ತಿದೆ, ಕೆಲವದರಲ್ಲಿ ಕತ್ತಲೆಯೇ ಇದೆ. ನಡೆಯಲು, ಚಿಲಕ ತೆಗೆಯಲು ಬೇಕಾದ ಭಾಗ ಎದ್ದಿದೆ. ತಾನು ಯಾರು, ಎಲ್ಲಿರುವೆನೆಂದು ಅರಿಯುವ, ಅರಿತದ್ದನ್ನು ನೆನಪಿಡುವ ಭಾಗ ಮಲಗಿದೆ. ಸ್ವಿಟ್ಜರ್‌ಲೆಂಡಿನ ವೈದ್ಯರು ೨೦೦೦ದಲ್ಲಿ ನಿದ್ದೆಯಲ್ಲಿ ಎದ್ದ ಹುಡುಗನೊಬ್ಬನ ಮಿದುಳಿನ ರಕ್ತಸಂಚಾರದ ಚಿತ್ರವನ್ನು ಆ ಕ್ಷಣದಲ್ಲೇ ಹಿಡಿದು, ಈ ಒಡಕನ್ನು ಕಣ್ಣಿಗೆ ಕಾಣಿಸಿದರು.

ನ್ಯಾಯಾಲಯಗಳಿಗೂ ಇದು ತೊಡಕಾಗಿದೆ. ೧೯೮೭ರಲ್ಲಿ ಕೆನಡಾದ ಯುವಕನೊಬ್ಬ ನಿದ್ದೆಯಲ್ಲೇ ಎದ್ದು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಮೋಟಾರು ನಡೆಸಿ ಅತ್ತೆಯನ್ನು ಕೊಂದ. ಆತ ನಿದ್ದೆಯಲ್ಲಿದ್ದನೆಂಬ ವಾದವನ್ನು ಒಪ್ಪಿ ಬಿಡುಗಡೆ ಮಾಡಿದ ತೀರ್ಪನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯ ೧೯೯೨ರಲ್ಲಿ ಎತ್ತಿಹಿಡಿಯಿತು. ಇಂಥ ಘೋರ ಘಟನೆ ಸಾವಿರದಲ್ಲಿ ಒಂದೂ ಅಲ್ಲ. ನಿದ್ದೆಯಲ್ಲಿ ನಡೆಯುವ ಮಕ್ಕಳ ತಾಯಿತಂದೆಗಳು ಹೆದರಬೇಕಾದದ್ದಿಲ್ಲ. ಬಹುಪಾಲು ಮಕ್ಕಳಲ್ಲಿ ವಯಸ್ಸು ಬಂದಂತೆ ಇದು ತಾನಾಗಿ ನಿಲ್ಲುತ್ತದೆ. ಗದರಿಸಿ ಅಲ್ಲಾಡಿಸಿ ಎಬ್ಬಿಸುವ ಬದಲು ಮೆಲ್ಲಗೆ ಭುಜ ಹಿಡಿದು ಹಾಸಿಗೆಗೆ ಕರೆತಂದರೆ ಸಾಕು. ಮೆಟ್ಟಿಲು, ಮಾಳಿಗೆಯ ಬಾಗಿಲುಗಳನ್ನು ಮಾತ್ರ ಭದ್ರಪಡಿಸಿರಬೇಕು.

ಹಾಗಾದರೆ ಅಗುಳಿ ಮುರಿದ ಮನುಷ್ಯ ಎಲ್ಲಿಯೂ ಇಲ್ಲವೇ? ಜಪಾನಿನ ಕೆಲವು ವೈದ್ಯರು ೧೯೭೦ರ ದಶಕದಲ್ಲಿ, ಕುಡಿತ ಬಿಟ್ಟು ಸನ್ನಿ ಹಿಡಿದವರಲ್ಲಿ ಕನಸುನಿದ್ದೆ ಇದ್ದೂ ಸ್ನಾಯು ಸಡಿಲವಾಗದ್ದನ್ನು ಕಂಡಿದ್ದರು. ಅದು ಅಷ್ಟಕ್ಕೇ ನಿಂತಿತು. ಬೆಕ್ಕಿನ ಪ್ರಯೋಗವಾಗಿ ಹದಿನೇಳು ವರ್ಷ ಕಳೆದಿತ್ತು. ೧೯೮೨ರಲ್ಲಿ ಮಿನಿಯಾಪೊಲಿಸ್ ನಗರದ ಆಸ್ಪತ್ರೆಯೊಂದರಲ್ಲಿ ನಿದ್ರಾರೋಗಗಳನ್ನು ನೋಡುತ್ತಿದ್ದ ಕಾರ್ಲೋಸ್ ಶೆಂಕ್ ಎಂಬ ಮನೋವೈದ್ಯರ ಬಳಿಗೆ ಅರುವತ್ತೇಳು ವರ್ಷದ ನಿವೃತ್ತ ಗೃಹಸ್ಥರೊಬ್ಬರು ಬಂದರು. ಸಾಧು ಮನುಷ್ಯ. ಕನಸಿನಲ್ಲಿ ಅವರು ಕಾಲ್ಚೆಂಡಿನ ಮೈದಾನದಲ್ಲಿದ್ದರು. ಎದುರಾಳಿಯನ್ನು ಕೆಡವಲು ಓಡಿ ಹಾಯ್ದರು. ಹಾಯ್ದದ್ದು ಮಲಗುವ ಕೋಣೆಯ ಬಟ್ಟೆಪೆಟ್ಟಿಗೆಗೆ, ತಲೆಗೆ ಪೆಟ್ಟಾಗಿತ್ತು. ಇಂಥದು ಅವರಿಗೆ ಹಲವು ಕಾಲದಿಂದ ನಡೆದಿತ್ತು. ಶೆಂಕ್ ಮತ್ತು ಅವರ ಜೊತೆಗಾರರಾದ ನರರೋಗತಜ್ಞ ಮಾರ್ಕ್ ಮಹೋವಾಲ್ಡ್ ಅವರನ್ನು ಪ್ರಯೋಗಶಾಲೆಯಲ್ಲಿ ಮಲಗಿಸಿದರು. ಕಾಗದದಲ್ಲಿ ಕನಸುನಿದ್ದೆಯ ಎಲ್ಲ ಗುರುತುಗಳೂ ಮೂಡಿದವು: ಓಡುವ ಕಣ್ಣು, ಚುರುಕಾದ ಅಲೆ. ಚಪ್ಪಟೆಯಾಗಬೇಕಿದ್ದ ಗದ್ದದ ಸ್ನಾಯುವಿನ ಗೆರೆ ಮಾತ್ರ ಹುಚ್ಚೆದ್ದು ಕುಣಿಯುತ್ತಿತ್ತು. ಮುದುಕರು ಹಾಸಿಗೆಯ ಮೇಲೆ ಗುದ್ದುತ್ತಿದ್ದರು, ಒದೆಯುತ್ತಿದ್ದರು. ಲಿಯೋನಿನ ಬೆಕ್ಕು ಮನುಷ್ಯರೂಪದಲ್ಲಿ ಎದುರಿಗೆ ಮಲಗಿತ್ತು.

೧೯೮೬ರಲ್ಲಿ ಅವರು ಇಂಥ ಐವರ ವೃತ್ತಾಂತವನ್ನು ಪ್ರಕಟಿಸಿದರು. ನಾಲ್ವರು ಗಂಡಸರು, ಒಬ್ಬ ಹೆಂಗಸು, ಎಲ್ಲರೂ ವಯಸ್ಸಾದವರು. ಮರುವರ್ಷ ಈ ಕಾಯಿಲೆಗೆ ಹೆಸರೂ ಬಂತು. ಇನ್ನೂ ಹಲವರು ಬಂದರು. ರಾತ್ರಿ ಸೊಂಟಕ್ಕೆ ಹಗ್ಗ ಬಿಗಿದು ಮಂಚಕ್ಕೆ ಕಟ್ಟಿಕೊಂಡು ಮಲಗುವವರು, ದಿಂಬುಗಳ ಕೋಟೆ ಕಟ್ಟಿಕೊಂಡವರು, ಹೆಂಡತಿಗೆ ಪೆಟ್ಟಾದೀತೆಂದು ಬೇರೆ ಕೋಣೆ ಹಿಡಿದವರು ಅವರಲ್ಲಿದ್ದರು. ಕನಸುಗಳಲ್ಲಿ ಒಂದು ವಿಶೇಷ ಉಂಟು: ಆತ ಯಾರನ್ನೂ ಕೊಲ್ಲಲು ಹೋಗುವುದಿಲ್ಲ, ಯಾರೋ ತನ್ನ ಮೇಲೆ, ತನ್ನವರ ಮೇಲೆ ಬೀಳುತ್ತಾರೆ, ನಾಯಿಯೋ ಕಳ್ಳನೋ, ಆತ ತಡೆಯುತ್ತಾನೆ. ಹೆಂಡತಿಯನ್ನು ಕಾಪಾಡುವ ಕನಸಿನಲ್ಲಿ ಹೆಂಡತಿಗೇ ಏಟು ಬೀಳುತ್ತದೆ. ಇವರ ಹಗಲಿನ ಸ್ವಭಾವ ಬೇರೆಯವರದಕ್ಕಿಂತ ಕೆಡುಕಲ್ಲವೆಂದು ಪರೀಕ್ಷಿಸಿಯೂ ನೋಡಿದ್ದಾರೆ. ಅದುಮಿಟ್ಟ ಸಿಟ್ಟಿನ ಸಿದ್ಧಾಂತಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಹಳೆಯ ಔಷಧಿಯಾದ ಕ್ಲೋನಾಜೆಪಾಮ್ ಮಲಗುವ ಮುನ್ನ ಕೊಟ್ಟಾಗ ಬಹುಮಂದಿ ಶಾಂತರಾಗಿ ಮಲಗಿದರು. ಮೆಲಟೋನಿನ್ ಬಳಕೆಗೆ ಬಂದದ್ದು ಆಮೇಲೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಮಿನಿಯಾಪೊಲಿಸಿನ ವೈದ್ಯರು ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಕೈಬಿಡದೆ ನೋಡುತ್ತ ಬಂದರು. ವೈದ್ಯವಿಜ್ಞಾನದಲ್ಲಿ ಇಂಥ ಪಟ್ಟುಹಿಡಿದ ಕಾವಲಿಗೆ ಸಿಕ್ಕಬೇಕಾದ ಗೌರವ ಸಿಕ್ಕಿಲ್ಲ. ಐವತ್ತು ದಾಟಿದ, ಬೇರಾವ ನರರೋಗವೂ ಇಲ್ಲದ ೨೯ ಗಂಡಸರ ಪೈಕಿ ೧೧ ಜನರಿಗೆ ಪಾರ್ಕಿನ್‌ಸನ್ ಜಾತಿಯ ನಡುಕರೋಗ ಬಂದಿತೆಂದು ೧೯೯೬ರಲ್ಲಿ ವರದಿ ಮಾಡಿದರು. ಕನಸಿನ ಕಾದಾಟ ಮೊದಲಾಗಿ ಸರಾಸರಿ ಹನ್ನೆರಡು ಹದಿಮೂರು ವರ್ಷಗಳಾದ ಮೇಲೆ ಅದು ಬಂದಿತ್ತು. ೨೦೧೩ರಲ್ಲಿ ಅದೇ ಗುಂಪಿನ ಸುದ್ದಿ ಮತ್ತೆ ಬಂತು: ಕಣ್ಣಳವಿನಲ್ಲಿ ಉಳಿದಿದ್ದ ೨೬ ಜನರಲ್ಲಿ ೨೧ ಜನಕ್ಕೆ ನಡುಕರೋಗ ಇಲ್ಲವೇ ಬುದ್ಧಿಭ್ರಮಣೆ. ಒಂದೇ ಊರಿನ ಆಕಸ್ಮಿಕವೋ ಎಂಬ ಸಂದೇಹಕ್ಕೂ ಎಡೆ ಉಳಿಯಲಿಲ್ಲ. ಹಲವು ದೇಶಗಳ ೨೪ ಕೇಂದ್ರಗಳ ೧,೨೮೦ ರೋಗಿಗಳನ್ನು ಕುರಿತು ೨೦೧೯ರಲ್ಲಿ ಬಂದ ವರದಿಯ ಪ್ರಕಾರ ವರ್ಷಕ್ಕೆ ನೂರರಲ್ಲಿ ಸುಮಾರು ಆರು ಮಂದಿಗೆ ಈ ರೋಗಗಳು ಕಾಣಿಸಿಕೊಂಡಿವೆ. ಹನ್ನೆರಡು ವರ್ಷಗಳಲ್ಲಿ ಅದು ನೂರಕ್ಕೆ ಎಪ್ಪತ್ತನ್ನು ಮೀರಿದೆ.

ಏಕೆ ಹೀಗೆ? ಪಾರ್ಕಿನ್‌ಸನ್ ರೋಗದಲ್ಲಿ ನರಕೋಶಗಳ ಒಳಗೆ ಆಲ್ಫಾ ಸಿನ್ಯೂಕ್ಲಿನ್ ಎಂಬ ಸಸಾರಜನಕವಸ್ತು ಗಂಟುಗಂಟಾಗಿ ಸೇರಿಕೊಂಡಿರುವುದನ್ನು ೧೯೯೭ರಲ್ಲಿ ಕಂಡುಕೊಂಡರು. ಜರ್ಮನಿಯ ಹೈಕೋ ಬ್ರಾಕ್ ಎಂಬ ಅಂಗರಚನಾತಜ್ಞರು ೨೦೦೩ರಲ್ಲಿ, ಈ ಗಂಟು ಮಿದುಳಿನ ಬುಡದಲ್ಲಿ ಹುಟ್ಟಿ ಕಾಂಡದಗುಂಟ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತುತ್ತದೆ ಎಂಬ ನಕ್ಷೆ ಕೊಟ್ಟರು. ಎಲ್ಲ ರೋಗಿಗಳಲ್ಲೂ ಇದೇ ಕ್ರಮವಿಲ್ಲವೆಂಬ ಆಕ್ಷೇಪ ಉಂಟು. ಆದರೂ ನಮ್ಮ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ. ಕೈ ನಡುಗಿಸುವ ಜಾಗ ಮೇಲಿನ ಮೆಟ್ಟಿಲಿನಲ್ಲಿದೆ. ಕನಸಿನ ಅಗುಳಿ ಅದಕ್ಕಿಂತ ಕೆಳಗಿದೆ. ಗೆದ್ದಲು ಮೊದಲು ಹತ್ತಿದ್ದು ಅಗುಳಿಗೆ. ತೊಲೆಗೆ ಬರಲು ಇನ್ನೂ ಹತ್ತು ಹನ್ನೆರಡು ವರ್ಷವಿದೆ.

ಮನೆಯವರು ಇಲ್ಲಿ ಒಂದು ವಿವೇಕವನ್ನು ಬಿಡಬಾರದು. ಕನವರಿಸುವ ಪ್ರತಿಯೊಬ್ಬರಿಗೂ ಈ ರೋಗ ಕಾದಿಲ್ಲ. ಮಕ್ಕಳ ನಿದ್ರಾಸಂಚಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಿಗಳಿಂದಲೂ ಅಗುಳಿ ಸಡಿಲವಾಗುವುದುಂಟು. ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಒದ್ದಾಡುವವರೂ ಹೀಗೆಯೇ ಕಾಣಿಸಬಹುದು. ರಾತ್ರಿಯಿಡೀ ಮಲಗಿಸಿ ತಂತಿ ಹಚ್ಚಿ ನೋಡಿದ ಹೊರತು ನಿಶ್ಚಯವಾಗದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಅದಕ್ಕೆ ಏರ್ಪಾಡಿದೆ. ವಯಸ್ಸಾದವರು ಕನಸಿನಲ್ಲಿ ಗುದ್ದುವುದು, ಒದೆಯುವುದು, ಮಂಚದಿಂದ ಬೀಳುವುದು ಹೊಸದಾಗಿ ಮೊದಲಾಗಿದ್ದರೆ ನಕ್ಕು ಬಿಡುವಂತಿಲ್ಲ, ವೈದ್ಯರಿಗೆ ಹೇಳಬೇಕು. ಅಲ್ಲಿಯವರೆಗೆ ಗಾಜು, ಚೂಪಾದ ಸಾಮಾನು ದೂರವಿಡುವುದು, ನೆಲದ ಮೇಲೆ ಹಾಸಿಗೆ ಹಾಸುವುದು ಕ್ಷೇಮ. ಮಂಚ ಬಿಟ್ಟು ಚಾಪೆಯಲ್ಲಿ ಮಲಗುತ್ತಿದ್ದ ನಮ್ಮ ಹಿರಿಯರಿಗೆ ಬೀಳುವ ಭಯವಾದರೂ ಇರಲಿಲ್ಲ.

ಇನ್ನು ವೈದ್ಯರ ಮುಂದಿರುವ ಪ್ರಶ್ನೆ ಸುಲಭದ್ದಲ್ಲ. ಎದುರಿಗೆ ಕುಳಿತಿರುವ ಐವತ್ತೆಂಟರ ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ. ಕನಸಿನಲ್ಲಿ ಕೈಬೀಸುತ್ತೇನೆಂಬುದೊಂದೇ ದೂರು. ಹತ್ತು ವರ್ಷದಾಚೆ ಬರಬಹುದಾದುದನ್ನು ಅವನಿಗೆ ಈಗಲೇ ಹೇಳಬೇಕೇ? ರೋಗವನ್ನು ತಡೆಯುವ ಔಷಧಿ ಇನ್ನೂ ಇಲ್ಲ. ಹೇಳಿದರೆ ಕೈ ಸ್ವಲ್ಪ ಅದುರಿದರೂ ಅವನಿಗೆ ನಿದ್ದೆ ಹತ್ತದು. ಹೇಳದಿದ್ದರೆ, ಅವನ ಬಾಳನ್ನು ಅವನೇ ಏರ್ಪಡಿಸಿಕೊಳ್ಳುವ ಹಕ್ಕನ್ನು ಕಸಿದಂತೆ. ಔಷಧಿ ಕಂಡುಹಿಡಿಯಲು ಹೊರಟವರಿಗೆ ಬೇಕಾದವರು ಇವರೇ, ರೋಗ ತೊಲೆಗೆ ಮುಟ್ಟುವ ಮೊದಲೇ ಸಿಕ್ಕುವವರು. ಕೆಲವು ವೈದ್ಯರು ಮೊದಲು ಕೇಳುತ್ತಾರೆ: ಮುಂದಿನದನ್ನು ತಿಳಿಯುವ ಇಚ್ಛೆ ನಿಮಗಿದೆಯೇ ಎಂದು. ನನಗಂತೂ ಇದೇ ಸರಿಯಾದ ಕ್ರಮವೆಂದು ತೋರುತ್ತದೆ.

ಪ್ಯಾರಿಸ್ಸಿನಲ್ಲಿ ಇಸಬೆಲ್ ಆರ್ನುಲ್ಫ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಪಾರ್ಕಿನ್‌ಸನ್ ರೋಗಿಗಳ ರಾತ್ರಿಗಳನ್ನು ಕುರಿತು ಬರೆದರು. ಪಕ್ಕದಲ್ಲಿ ಮಲಗುವ ಹೆಂಡತಿ, ಗಂಡ ಹೇಳಿದ ಮಾತುಗಳನ್ನು ಕೇಳಿ, ಆಮೇಲೆ ಯಂತ್ರದಿಂದ ಪರೀಕ್ಷಿಸಿ ನೋಡಿದ ವಿಷಯವದು. ಹಗಲಿನಲ್ಲಿ ಅಂಗಿಯ ಗುಂಡಿ ಹಾಕಲು ತಡಬಡಿಸುವ, ಪಿಸುದನಿಯಲ್ಲಿ ತೊದಲುವ ಮನುಷ್ಯ ಕನಸುನಿದ್ದೆಯಲ್ಲಿ ಸರಾಗವಾಗಿ ಕೈಯಾಡಿಸುತ್ತಾನೆ; ದನಿ ಏರುತ್ತದೆ, ಮಾತು ಸ್ಪಷ್ಟವಾಗುತ್ತದೆ, ನಡುಕ ಕಾಣುವುದಿಲ್ಲ. ಕೆಟ್ಟುಹೋದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಅಪ್ಪಣೆ ಸ್ನಾಯುವಿಗೆ ತಲುಪುತ್ತಿರಬೇಕೆಂದು ಅವರ ಊಹೆ. ಆ ದಾರಿ ಯಾವುದು, ಅದನ್ನು ಹಗಲಿನಲ್ಲಿ ತೆರೆಯಲಾದೀತೇ ಎಂದು ಹುಡುಕುತ್ತಿದ್ದಾರೆ. ಅದು ಸಿಕ್ಕುವವರೆಗೆ, ಗಂಡನ ಹಳೆಯ ದನಿ ಕೇಳಬೇಕೆಂದು ನಡುರಾತ್ರಿ ಎಚ್ಚರವಿದ್ದು ಕಿವಿಗೊಡುವ ಹೆಂಡತಿಯರು ಎಲ್ಲೋ ಇದ್ದೇ ಇರುತ್ತಾರೆ.